ಮುನ್ನೂರು ಕಾಲರು, ಒಂದು ಕಾಗದ

"ಎಳೀರಿ... ಇನ್ನೊಸಿ ಎಳೀರಿ. ನಿಮ್ ಕಡೆ ಮೂಲೆ ಜೋಲ್ತಾ ಐತೆ."

ಹೇಳುತ್ತಲೇ ಭದ್ರಮ್ಮ ಎರಡು ಹೆಜ್ಜೆ ಹಿಂದಕ್ಕೆ ಸರಿಯುತ್ತಾರೆ. ಆ ತುದಿಯಲ್ಲಿ ಅವರ ಯಜಮಾನರು ಚಿಕ್ಕಮುನಿಯಪ್ಪ. ನಡುವೆ ಗಾಳಿಗೆ ಉಬ್ಬಿಕೊಂಡ ಬಿಳಿ ಬೆಡ್‌ಶೀಟು. ಇಬ್ಬರೂ ಸೇರಿ ಒಮ್ಮೆ ಒದರಿದರೆ ಪಟಾರೆಂದು ಸದ್ದಾಗಿ ಅರ್ಧ ಸುಕ್ಕು ಬಿಟ್ಟುಹೋಗುತ್ತದೆ. ಹತ್ತಿರ ಬರುತ್ತಾರೆ, ತುದಿಗೆ ತುದಿ ಕೂಡಿಸುತ್ತಾರೆ, ಮತ್ತೆ ದೂರ ಸರಿಯುತ್ತಾರೆ. ದೂರದಿಂದ ನೋಡಿದವರು ಕೋಲಾಟವೆಂದುಕೊಳ್ಳಬೇಕು. ಬೆಳಗಿನ ಐದೂ ಮುಕ್ಕಾಲು. ಹೆಬ್ಬಗೋಡಿಯ ಈ ತಾರಸಿಯ ಮೇಲೆ ಇದು ನಲವತ್ತೆರಡನೆಯ ಶೀಟು.

"ಇವತ್ತಾದ್ರೂ ಆ ಕಾಗದ ಆಕ್ತೀರೋ ಇಲ್ವೋ?"

"ಆಕ್ತೀನಿ."

"ಓದ್ ಸೋಮವಾರನೂ ಇಂಗೇ ಅಂದ್ರಿ."

"ಆವತ್ತು ಟ್ಯಾಂಕರ್ ಬರ್ಲಿಲ್ಲ."

"ಕಾಗದ ಬರೆಯಾಕೆ ಟ್ಯಾಂಕರ್ ನೀರು ಯಾಕೆ?"

ಚಿಕ್ಕಮುನಿಯಪ್ಪ ಬಗ್ಗಿ ನಲವತ್ತಮೂರನೆಯ ಶೀಟನ್ನು ಎತ್ತಿಕೊಳ್ಳುತ್ತಾರೆ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿಯುವ ಹುಡುಗ ಹುಡುಗಿಯರು ಉಳಿದುಕೊಳ್ಳುವ ಹನ್ನೊಂದು ಪೀಜಿಗಳ ಬಟ್ಟೆ ಈ ತಾರಸಿಗೆ ಬರುತ್ತದೆ. ದಿನಕ್ಕೆ ಇನ್ನೂರ ಅರವತ್ತು ಬೆಡ್‌ಶೀಟು, ಹೆಚ್ಚುಕಡಿಮೆ ಅಷ್ಟೇ ದಿಂಬಿನ ಚೀಲ. ಎರಡು ಒಗೆಯುವ ಮಿಷನ್ನು, ಒಂದು ಇಸ್ತ್ರಿ ಮೇಜು, ನಾಲ್ಕು ಕೈ. ತಾವು ಮಲಗಿದ ಶೀಟನ್ನು ಒಗೆದವರು ಹನ್ನೊಂದು ಸಲ ಅಟ್ಲಾಂಟಿಕ್ ಸಾಗರ ದಾಟಿದ್ದಾರೆಂದು ಆ ಮಕ್ಕಳಲ್ಲಿ ಒಬ್ಬರಿಗೂ ಗೊತ್ತಿಲ್ಲ. ಊರಿನ ಹಳಬರಿಗೆ ಮಾತ್ರ ಗೊತ್ತು. ಅವರಿಗೆ ಇವರು 'ಹಡಗು ಮುನಿಯಪ್ಪ'.

2004ರಿಂದ 2010ರವರೆಗೆ ಇವರು ಒಂದು ದೊಡ್ಡ ಪ್ರವಾಸಿ ಹಡಗಿನ ಬಟ್ಟೆ ಒಗೆಯುವ ವಿಭಾಗದಲ್ಲಿದ್ದರು. ಅದಕ್ಕೆ ಮೊದಲು ನಗರದ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ. ಅಲ್ಲಿಗೆ ಮುಂಬೈನಿಂದ ಬಂದಿದ್ದ ಏಜೆಂಟನೊಬ್ಬ ಇವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕನ್ನಡಿ ನೋಡಿಕೊಂಡು, "ಸಮುದ್ರಕ್ಕೆ ಬರ್ತೀಯಾ?" ಎಂದನಂತೆ.

"ಸಮುದ್ರ ಎಂಗಿತ್ತು?" ಎಂದು ಎಲ್ಲರೂ ಕೇಳುತ್ತಾರೆ; ಇವರ ಕಥೆ ಬರೆದುಕೊಳ್ಳಲು ಬಂದ ನಾನೂ ಕೇಳಿದೆ. ಇವರದು ಒಂದೇ ಉತ್ತರ: "ಗೊತ್ತಿಲ್ಲ ಕಣಮ್ಮ. ನಮ್ ಲಾಂಡ್ರಿ ಇದ್ದದ್ದು ನೀರಿನ ಮಟ್ಟಕ್ಕಿಂತ ಕೆಳಗೆ. ಕಿಟಕಿ ಇಲ್ಲ. ಸಮುದ್ರ ಗೋಡೆ ಆಚೆ ಇತ್ತು, ನಾವು ಈಚೆ ಇದ್ವಿ. ಅದರ ಪಾಡಿಗೆ ಅದು, ನಮ್ ಪಾಡಿಗೆ ನಾವು."

ಯುರೋಪಿನಿಂದ ಅಮೆರಿಕದ ಕಡೆಗೆ ಎಂಟು ದಿನದ ದಾರಿ. ನಡುವೆ ಒಂದು ಬಂದರಿಲ್ಲ, ಒಂದು ದ್ವೀಪವಿಲ್ಲ. ದಿನ ಬಿಟ್ಟು ದಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆ ಒಂದು ಗಂಟೆ ಹೆಚ್ಚು ನಿದ್ದೆ. "ವಾಪಸ್ ಬರೋವಾಗ ಅಷ್ಟನ್ನೂ ಕಿತ್ಕೊಂಡ್ಬಿಡ್ತಾರೆ," ಎನ್ನುವಾಗ ಇವರ ಮುಖದಲ್ಲಿ ಈಗಲೂ ಬೇಸರ. ಇಳಿಯಲು ಊರಿಲ್ಲದ ಎರಡು ಸಾವಿರ ಪ್ರಯಾಣಿಕರು ಮಾಡುವುದಾದರೂ ಏನು? ಬಟ್ಟೆ ಬದಲಾಯಿಸುತ್ತಾರೆ. "ನೀರು ನೋಡಾಕೆ ಒಂದು ಜೊತೆ, ಊಟಕ್ಕೆ ಒಂದು, ಕುಣಿಯಾಕೆ ಒಂದು. ದಿನಕ್ಕೆ ಅನ್ನೆಲ್ಡು ಸಾವ್ರ ಟವಲು. ಸಮುದ್ರದ ಮಧ್ಯೆ ಈಜುಕೊಳ ಬ್ಯಾರೆ."

ಈಜುಕೊಳದ ಸಂಗತಿಯನ್ನು ಇವರ ತಾಯಿ ಮಾರಕ್ಕ ಸಾಯುವವರೆಗೂ ನಂಬಲಿಲ್ಲವಂತೆ. "ಸುತ್ತ ಅಷ್ಟು ನೀರು ಮಡೀಕೊಂಡು ಒಳಗೊಂದು ತೊಟ್ಟಿ ಕಟ್ಟೋಕೆ ಅವ್ರಿಗೇನ್ ಉಚ್ಚಾ? ಸುಳ್ಳು ಏಳ್ಬ್ಯಾಡ ಕಣ್ಲಾ," ಎನ್ನುತ್ತಿದ್ದರಂತೆ.

ಮೊದಲ ಸಲ ಸಾಗರ ದಾಟಿದಾಗ ಚಿಕ್ಕಮುನಿಯಪ್ಪ ಮೂರು ದಿನ ವಾಂತಿ ಮಾಡಿಕೊಂಡರು. ಆಗ ಆಸರೆಯಾದವರು ಲಾಂಡ್ರಿಯ ಮೇಸ್ತ್ರಿ ನೆಸ್ಟರ್. ಫಿಲಿಪ್ಪೀನ್ಸ್ ದೇಶದವರು, ಇವರಿಗಿಂತ ಹತ್ತು ವರ್ಷ ದೊಡ್ಡವರು. ಇವರ ಬಾಯಿಗೆ ಹಸಿರು ಸೇಬು ತುರುಕಿ, ಟವಲಿನ ರಾಶಿಯ ಮೇಲೆ ಮಲಗಿಸಿ, "ಮಲಗಿಕೊಂಡೇ ದಿಂಬಿನ ಚೀಲ ಮಡಿಸು, ಆಗ ನೀನು ರಜೆಯ ಲೆಕ್ಕಕ್ಕೆ ಬರುವುದಿಲ್ಲ," ಎಂದವರು. ಅವತ್ತಿನಿಂದ ಅವರು ಇವರಿಗೆ ನೆಸ್ಟರಣ್ಣ.

ತಡವಾಗಿರುವ ಕಾಗದ ಹೋಗಬೇಕಾದದ್ದು ಈ ನೆಸ್ಟರಣ್ಣನಿಗೇ. ಐದು ವರ್ಷದಿಂದ ಪ್ರತಿ ಕ್ರಿಸ್‌ಮಸ್ಸಿಗೆ ಅವರಿಂದ ಒಂದು ಶುಭಾಶಯ ಪತ್ರ ಬರುತ್ತದೆ. ಪ್ರತಿ ಪತ್ರದ ಕೊನೆಗೂ ಒಂದೇ ಪ್ರಶ್ನೆ: "ಅದು ಯಾವ ಸೋಪು ಅಂತ ನಿನಗೇನಾದರೂ ಗೊತ್ತಾಯಿತಾ?"

ಅದು ಸೋಪೇ ಅಲ್ಲ. ಇದು ಚಿಕ್ಕಮುನಿಯಪ್ಪನವರಿಗೆ ಗೊತ್ತು. ಭದ್ರಮ್ಮನವರಿಗೂ ಗೊತ್ತು. ಗೊತ್ತಿಲ್ಲದವರು ನೆಸ್ಟರ್ ಒಬ್ಬರೇ.

2008ರ ನವೆಂಬರ್. ಹಡಗು ಬಂದರು ಬಿಟ್ಟ ಎರಡನೆಯ ದಿನ. ಪ್ರಯಾಣಿಕರ ಬಟ್ಟೆಗೆ ಕೋಣೆಯ ನಂಬರಿನ ಚೀಟಿ ಅಂಟಿಸುವ ಮಿಷನ್ನು ಕೆಟ್ಟುಹೋಗುತ್ತದೆ. ಇನ್ನೆರಡು ದಿನಕ್ಕೆ ಕ್ಯಾಪ್ಟನ್ನರ ಔತಣ. ಮುನ್ನೂರು ಬಿಳಿ ಅಂಗಿ, ಕೋಟು ಕೆಳಗೆ ಬಂದು ಬಿದ್ದಿವೆ. ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಚೀಟಿಯಿಲ್ಲದೆ ಒಗೆದರೆ ಯಾರದು ಯಾರಿಗೆ? ನೆಸ್ಟರ್ ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ. ಆಗ ಮಡಿವಾಳರ ಮನೆಯ ಈ ಮಗ ಮುಂದೆ ಬರುತ್ತಾರೆ.

"ನಮ್ ತಾತ ಇಡೀ ಊರಿನ ಬಟ್ಟೆನ ಒಂದೇ ಕೆರೇಲಿ ಒಗೀತಿದ್ದ. ಮನೆಗೊಂದು ಗುರುತು. ಪಟೇಲ್ರ ಮನೆಗೆ ಮೂರು ಚುಕ್ಕೆ ಒಂದು ಗೆರೆ, ಶಾನುಭೋಗ್ರಿಗೆ ಎರಡು ಗೆರೆ. ಅಣ್ಣ ತಮ್ಮ ಭಾಗ ಆದ್ರೆ, ಅಣ್ಣಂಗೆ ಅಳೇ ಗುರುತು, ತಮ್ಮಂಗೆ ಅದರ ಮ್ಯಾಗೆ ಒಂದು ಚುಕ್ಕೆ ಜಾಸ್ತಿ. ಯಾರ್ ಮನೆ ಭಾಗ ಆಗೈತೆ ಅನ್ನೋದು ಊರಿಗಿಂತ ಮೊದ್ಲು ನಮ್ ತಾತಂಗೆ ಗೊತ್ತಾಗೋದು."

ಅದೇ ವಿದ್ಯೆಯನ್ನು ಹಡಗಿಗೆ ಇಳಿಸುತ್ತಾರೆ. ನೆಸ್ಟರ್ "ಏನಾದರೂ ಮಾಡು ಮಾರಾಯ," ಎಂದು ಒಂದು ಪೆನ್ನು ಕೊಟ್ಟು, ಮುಗಿದುಹೋದ ಸೋಪಿನ ಡ್ರಮ್ಮು ಬದಲಿಸಲು ಹೋಗುತ್ತಾರೆ. ಗುರುತು ಹಾಕಿ ಒಂದು ಅಂಗಿ ಒಗೆದು ನೋಡಿದರೆ ಪೆನ್ನಿನ ಶಾಯಿ ನೀರುಪಾಲು. ಅಷ್ಟರಲ್ಲಿ ಚಿಕ್ಕಮುನಿಯಪ್ಪನವರಿಗೆ ತಮ್ಮ ಟ್ರಂಕು ನೆನಪಾಗುತ್ತದೆ. ಮಗನಿಗೆ ಸಮುದ್ರದ ದೃಷ್ಟಿ ತಾಗದಿರಲೆಂದು ಮಾರಕ್ಕ ಅದರ ಹಿಡಿಗೆ ಏಳು ಕರಿಗೇರಿನ ಕಾಯಿ ಪೋಣಿಸಿ ಕಟ್ಟಿದ್ದರು. ಅಗಸರು ತಲೆತಲಾಂತರದಿಂದ ಗುರುತು ಹಾಕುತ್ತಿದ್ದದ್ದೂ ಇದೇ ಕಾಯಿಯ ರಸದಲ್ಲಿ. ಒಮ್ಮೆ ಹಾಕಿದರೆ ಬಟ್ಟೆ ಹರಿದರೂ ಗುರುತು ಹೋಗದು. ಸೂಜಿಯಲ್ಲಿ ಚುಚ್ಚಿ, ಮುನ್ನೂರು ಕಾಲರಿನ ಒಳಗೆ ಚುಕ್ಕೆ ಗೆರೆ ಹಾಕಿ ಮುಗಿಸುತ್ತಾರೆ.

ಒಂದು ಅಂಗಿಯೂ ಅದಲುಬದಲಾಗಲಿಲ್ಲ. ಗುರುತೆಲ್ಲ ತಮ್ಮ ಪೆನ್ನಿನದೇ ಎಂದುಕೊಂಡ ನೆಸ್ಟರ್ ಇವರನ್ನು ಅಪ್ಪಿಕೊಂಡು ಎತ್ತಿಯೇಬಿಟ್ಟರು.

ಔತಣದ ಮರುದಿನ ಮಧ್ಯಾಹ್ನದಿಂದ ಪ್ರಯಾಣಿಕರು ಕುತ್ತಿಗೆ ಕೆರೆದುಕೊಳ್ಳಲು ಶುರುಮಾಡಿದರು.

"ಗೇರಿನ ರಸ ಕೆಲವು ಮೈಗೆ ಆಗಾಕಿಲ್ಲ ಕಣಮ್ಮ. ಗುರುತು ಆಕಿದ ಮ್ಯಾಗೆ ಸುಣ್ಣದ ನೀರಿನಾಗೆ ಅದ್ದಿ ಎಲ್ಡು ಸಲ ಒಗೀಬೇಕು. ಅವಸರದಾಗೆ ನಾನು ಸುಣ್ಣ ಮರ್ತೆ. ಹಡಗಿನಾಗೆ ಸುಣ್ಣ ಎಲ್ಲಿಂದ ತರ್ಲಿ? ವೀಳ್ಯದೆಲೆನೂ ಸಿಗಾಕಿಲ್ಲ ಅಲ್ಲಿ."

ಆರನೆಯ ದಿನದ ಹೊತ್ತಿಗೆ ಎಪ್ಪತ್ತು ಕುತ್ತಿಗೆ ಕೆಂಪಗಾಗಿದ್ದವು. ಅಂಟುಜಾಡ್ಯವೆಂದರೆ ಹಡಗಿನವರಿಗೆ ಪ್ರಾಣ ಹೋದಂತೆ. ಈಜುಕೊಳ ಖಾಲಿ ಮಾಡಿಸಿದರು. ಊಟದ ಸಾಲಿನಲ್ಲಿ ಯಾರೂ ಸೌಟು ಮುಟ್ಟುವಂತಿಲ್ಲ. ಜೋಡಿ ನೃತ್ಯದ ತರಗತಿಯಲ್ಲಿ ಗಂಡ ಹೆಂಡತಿ ಮೂರಡಿ ದೂರ ನಿಂತು ಕುಣಿಯಬೇಕೆಂದು ಆಜ್ಞೆಯಾಯಿತು. ಧೈರ್ಯ ತುಂಬಲು ಕ್ಯಾಪ್ಟನ್ ಎಲ್ಲರನ್ನೂ ಕರೆದು ಮಾತಾಡಿದರಂತೆ. "ಅವ್ರು ಭಾಷಣ ಮಾಡ್ತಾವ್ರೆ, ಕೇಳೋರು ಕೆರ್ಕೋತಾವ್ರೆ. ಬಡಿಸೋ ಉಡುಗ ಬಂದು ಏಳ್ದ. ಲಾಂಡ್ರೀಲಿ ಎಲ್ರೂ ಬಿದ್ದೂ ಬಿದ್ದೂ ನಕ್ರು. ನಾನೂ ನಕ್ಕೆ. ಆಗಿನ್ನೂ ನಂಗೆ ಒಳೀಲಿಲ್ಲ."

ಹೊಳೆದದ್ದು ಸಂಜೆ, ಬಟ್ಟೆಯ ಚೀಲ ತರಲು ಮೇಲಿನ ಅಂತಸ್ತಿಗೆ ಹೋದಾಗ. ಮುಂದೆ ಎತ್ತರದ ಬಿಳಿಯ ಮುದುಕರೊಬ್ಬರು ನಡೆದುಹೋಗುತ್ತಿದ್ದರು. ಅವರ ಕುತ್ತಿಗೆಯ ಹಿಂಭಾಗದಲ್ಲಿ ಕೆಂಪಗೆ, ದಪ್ಪಗೆ, ಅಚ್ಚೊತ್ತಿದಂತೆ ಮೂರು ಚುಕ್ಕೆ ಒಂದು ಗೆರೆ.

"ನಮ್ ಪಟೇಲ್ರ ಮನೆ ಗುರುತು ಕಣಮ್ಮ! ಆ ದೊರೆ ಕತ್ತಿನ ಮ್ಯಾಗೆ! ನನ್ ಕೈಲಿದ್ದ ಚೀಲ ಬಿದ್ದೋಯ್ತು."

ತಪ್ಪು ಒಪ್ಪಿಕೊಳ್ಳಲೆಂದೇ ಮೆಟ್ಟಿಲಿಳಿದು ಓಡಿದರು. ಅಷ್ಟರಲ್ಲಿ ಡಾಕ್ಟರು ಲಾಂಡ್ರಿಗೆ ಬಂದು, "ಈ ವಾರ ಹೊಸದಾಗಿ ಏನು ಬದಲಾಯಿಸಿದಿರಿ?" ಎಂದು ಕೇಳಿಯಾಗಿತ್ತು. ನೆಸ್ಟರ್ ಪ್ರಾಮಾಣಿಕರು. "ಸೋಪಿನ ಡ್ರಮ್ಮು ಬದಲಾಯಿಸಿದೆ," ಎಂದರು. ಅಲ್ಲಿಗೆ ತೀರ್ಪಾಗಿಹೋಯಿತು. ಹಡಗಿನ ಅಷ್ಟೂ ಬಟ್ಟೆ ಮತ್ತೆ ಒಗೆಯಬೇಕು. ಮುಂದಿನ ಬಂದರು ಮುಟ್ಟಿದಾಗ ಮೇಸ್ತ್ರಿ ನೆಸ್ಟರ್ ಬರೀ ಇಸ್ತ್ರಿಯವರಾದರು.

"ನಾನು ಬಾಯಿ ತೆಗ್ದೆ ಅಮ್ಮ. ದೇವ್ರಾಣೆ ತೆಗ್ದೆ. ಅಷ್ಟ್ರಲ್ಲಿ ನೆಸ್ಟರಣ್ಣ ನನ್ ಕೈ ಇಡ್ಕೊಂಡು, 'ಮುನಿ, ನನ್ ದೆಸೆಯಿಂದ ನೀನೂ ಎಲ್ಲಾ ವಾಪಸ್ ಒಗೆಯೋ ಅಂಗಾಯ್ತು, ಕ್ಷಮಿಸು' ಅಂದ್ಬುಟ್ರು. ತೆಗ್ದಿದ್ ಬಾಯಿ ಅಂಗೇ ಮುಚ್ಕೊಂಡೆ. ಬಂದರಿನಾಗೆ ನನ್ನ ಇಳಿಸ್ಬುಟ್ರೆ ಅನ್ನೋ ಭಯಾನೂ ಇತ್ತು."

ಹೀಗೆ ಮುಚ್ಚಿದ ಬಾಯಿಗೆ ಈಗ ಐದೂವರೆ ವರ್ಷ. ನೆಸ್ಟರ್ ಊರಿಗೆ ಮರಳಿ ಒಂದು ಸಣ್ಣ ಲಾಂಡ್ರಿ ಇಟ್ಟುಕೊಂಡಿದ್ದಾರೆ. ಯಾವ ಹೊಸ ಸೋಪು ಬಂದರೂ ಮೊದಲು ತಮ್ಮ ಕುತ್ತಿಗೆಗೇ ಬಳಿದುಕೊಂಡು ಎರಡು ದಿನ ಕಾಯುತ್ತಾರಂತೆ. ಪತ್ರದಲ್ಲಿ ಅದರ ವರದಿಯೂ ಇರುತ್ತದೆ. ಹೋದ ವರ್ಷ ಒಂಬತ್ತು ಸೋಪು.

ಈ ಸಂಕ್ರಾಂತಿಯ ಹೊತ್ತಿಗೆ ತಲುಪಿದ ಪತ್ರದಲ್ಲಿ ಬೇರೆಯದೇ ಸುದ್ದಿ ಇತ್ತು. ಹಡಗಿನ ಕೆಲಸಕ್ಕೆ ಹೋಗುವವರಿಗಾಗಿ ಅವರ ಊರಿನಲ್ಲಿ ಒಂದು ತರಬೇತಿ ಶಾಲೆ ತೆರೆಯುತ್ತಿದೆ. ಲಾಂಡ್ರಿ ವಿದ್ಯೆ ಕಲಿಸಲು ನೆಸ್ಟರ್ ಅವರನ್ನೇ ಕರೆದಿದ್ದಾರೆ. ಅವರು ಒಲ್ಲೆನೆಂದಿದ್ದಾರೆ. 'ಅಷ್ಟು ಜನರ ಕುತ್ತಿಗೆ ಕೆಡಿಸಿದವನು ಯಾವ ಮುಖ ಹೊತ್ತು ಮೇಷ್ಟ್ರಾಗಲಿ?' ಎಂದು ಬರೆದಿದ್ದಾರೆ. ಶಾಲೆಯವರು ಮೇ ಕೊನೆಯವರೆಗೆ ಕಾಯುತ್ತಾರಂತೆ. ಇವತ್ತು ಏಪ್ರಿಲ್ ಇಪ್ಪತ್ತೆಂಟು. ಕಾಗದ ತಲುಪಲು ಮೂರು ವಾರವಾದರೂ ಬೇಕು.

"ಫೋನ್ ಮಾಡಬಹುದಿತ್ತಲ್ಲ?" ಎಂದು ಕೇಳಿದರೆ ಭದ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾರೆ. "ಮಾಡಿದ್ರು ಕಣಮ್ಮ. ಅತ್ಲಾಗಿಂದ ಅವ್ರು ಅಲೋ ಅಂದ ತಕ್ಸಣ ಇವ್ರು 'ಹ್ಯಾಪಿ ನ್ಯೂ ಇಯರ್' ಅಂದು ಮಡಗ್ಬುಟ್ರು. ಆಗ ಮಾರ್ಚ್ ತಿಂಗ್ಳು."

ಬರೆಯಲು ಕುಳಿತದ್ದೂ ಹಲವು ಸಲ. ಹಡಗಿನಲ್ಲಿ ಕಲಿತ ಇಂಗ್ಲಿಷ್ ಇದೆ, ಅಕ್ಷರ ದುಂಡಗಿದೆ. ಆದರೆ ಕ್ಷೇಮಸಮಾಚಾರಕ್ಕೇ ಎರಡು ಹಾಳೆ ಮುಗಿಯುತ್ತದೆ. ಒಂದರಲ್ಲಿ ಎಮ್ಮೆಯ ವಿಷಯ ಬರೆದಿದ್ದಾರೆ. ಇವರ ಮನೆಯಲ್ಲಿ ಎಮ್ಮೆಯೇ ಇಲ್ಲ. ಪಕ್ಕದ ಮನೆಯದು.

ಇವರಿಗಿರುವ ಭಯ ಶಿಕ್ಷೆಯದಲ್ಲ. ಶೀಟು ಮಡಿಸುವುದನ್ನು ನಿಲ್ಲಿಸಿ, ಹೇಳಲೋ ಬೇಡವೋ ಎಂಬಂತೆ ಹೇಳುತ್ತಾರೆ: "ಸತ್ಯ ಏಳಿದ್ ಮ್ಯಾಗೆ ಮುಂದಿನ ಕ್ರಿಸ್‌ಮಸ್ಸಿಗೆ ಕಾರ್ಡು ಬರ್ಲೇ ಇಲ್ಲ ಅಂದ್ರೆ? ಆ ಹಡಗು, ಆ ಮಿಷನ್ನು, ಆ ಶಾಖ, ಅದೆಲ್ಲ ಇನ್ಯಾರಿಗೆ ಗೊತ್ತೈತೆ ಏಳಮ್ಮ? ಈ ಊರಾಗೆ ನಾನು ಏಳಿದ್ರೆ ಎಲ್ರೂ ಕಥೆ ಅಂತಾರೆ. ಅವ್ರೊಬ್ರೇ ಸಾಕ್ಷಿ."

ಭದ್ರಮ್ಮ ಇಸ್ತ್ರಿ ಮೇಜಿನ ಮೇಲೆ ಜಾಗ ಮಾಡಿ, ಒಂದು ಹಾಳೆ ಇಡುತ್ತಾರೆ. "ಸಾಕ್ಷಿ ಅಂತೆ. ಆ ಮನುಸ ಅಲ್ಲಿ ಸೋಪು ಬಳ್ಕೊಂಡು ಕುಂತವ್ರೆ. ಹಡಗಿನಾಗೆ ಬಟ್ಟೆ ಕೆಟ್ರೆ ಒಂದು ಫಾರಂ ತುಂಬ್ತಿದ್ದೆ ಅಂತಿದ್ರಲ್ಲ, ಅಂಗೇ ಬರೀರಿ. ಫಾರಮ್ಮಿನಾಗೆ ಎಮ್ಮೆ ಬರಾಕಿಲ್ಲ."

ಚಿಕ್ಕಮುನಿಯಪ್ಪ ಹೆಂಡತಿಯ ಮುಖ ನೋಡುತ್ತಾರೆ. ಆಮೇಲೆ ಹಾಳೆ ನೋಡುತ್ತಾರೆ. ಆರು ವರ್ಷ ದಿನವೂ ತುಂಬಿದ ಫಾರಮ್ಮು. ಕೈ ತಾನಾಗಿ ಓಡುತ್ತದೆ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಓದಿ ಹೇಳುತ್ತಾರೆ:

ವಸ್ತು: ಬಿಳಿ ಅಂಗಿ, ಕೋಟು. ಸಂಖ್ಯೆ: ಮುನ್ನೂರು. ಆದ ಹಾನಿ: ಎಪ್ಪತ್ತು ಕುತ್ತಿಗೆ, ಒಬ್ಬ ಮೇಸ್ತ್ರಿ. ಕಾರಣ: ಸೋಪಲ್ಲ. ನಿಮ್ಮ ಪೆನ್ನೂ ಅಲ್ಲ. ನಮ್ಮ ಊರಿನ ಒಂದು ಕಾಯಿ. ಹಾಕಿದವನು: ಮುನಿ. ಷರಾ: ಆವತ್ತೇ ಗೊತ್ತಿತ್ತು. ನೆಸ್ಟರಣ್ಣ, ನೀವು ಶಾಲೆಗೆ ಹೋಗಿ.

"ಕ್ಷಮಿಸಿ ಅಂತ ಬರ್ದಿಲ್ವಲ್ಲ," ಎನ್ನುತ್ತಾರೆ ಭದ್ರಮ್ಮ.

"ಫಾರಮ್ಮಿನಾಗೆ ಅದಕ್ಕೆ ಜಾಗ ಇಲ್ಲ."

"ಅಂಚಿನಾಗೆ ಬರೀರಿ."

ಅಂಚಿನಲ್ಲಿ ಬರೆಯುತ್ತಾರೆ. ಬಲಗಡೆಯ ಅಂಚು ಮುಗಿದು ಕೆಳಗಿನ ಅಂಚಿಗೆ ಹೊರಳುತ್ತದೆ, ಅಲ್ಲಿಂದ ಎಡಗಡೆಗೆ ಹತ್ತುತ್ತದೆ.

ಹತ್ತೂವರೆಗೆ ಅಂಚೆ ಕಚೇರಿಯಲ್ಲಿ ಮೂವರಿದ್ದೇವೆ. ಯಜಮಾನರು ದಾರಿಯಲ್ಲಿ ಬೇರೆ ಕೆಲಸ ನೆನಪಿಸಿಕೊಳ್ಳಬಾರದೆಂದು ಭದ್ರಮ್ಮನವರೂ ಬಂದಿದ್ದಾರೆ. ಪೀಜಿಗಳಿಗೆ ಇವತ್ತು ಶೀಟು ಒಂದು ಗಂಟೆ ತಡ. ಗುಮಾಸ್ತರು ಲಕೋಟೆಯನ್ನು ತೂಗಿ, ವಿಳಾಸ ಓದಿ, ತಲೆಯೆತ್ತುತ್ತಾರೆ.

"ಫಿಲಿಪ್ಪೀನ್ಸಾ? ಯಾರಿದ್ದಾರೆ ಅಲ್ಲಿ?"

"ನಮ್ ಮೇಸ್ತ್ರಿ ಸಾರ್."

"ರಿಜಿಸ್ಟರ್ ಮಾಡ್ತೀನಿ. ತಲುಪಿದ್ದಕ್ಕೆ ಅವರ ಸೈನು ವಾಪಸ್ ಬರಬೇಕು ಅಂದ್ರೆ ಇನ್ನೊಂದು ಕಾರ್ಡ್ ಲಗತ್ತಿಸಬೇಕು. ಹಾಕ್ಲಾ?"

ಚಿಕ್ಕಮುನಿಯಪ್ಪ ಬೇಡವೆಂದು ತಲೆಯಾಡಿಸುತ್ತಾರೆ. ಗುಮಾಸ್ತರು ಮುದ್ರೆ ಒತ್ತಿ, ಲಕೋಟೆಯನ್ನು ಹಿಂದಿನ ಚೀಲಕ್ಕೆ ಎಸೆಯುತ್ತಾರೆ. ಅದು ಬೀಳುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಇವರ ಮಾತು.

"ಬ್ಯಾಡ ಸಾರ್. ತಲುಪಿದ್ರೆ ಅವ್ರೇ ಬೈದು ಬರೀತಾರೆ. ನಂಗೆ ಅಷ್ಟು ಬಂದ್ರೆ ಸಾಕು."