ಅಕ್ಕ ತಿದ್ದಿಕೊಂಡ ವಾಕ್ಯ

ಅಮೀರ್‌ಪೇಟ್‌ನ ಇಂಗ್ಲಿಷ್ ತರಗತಿಯ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ ನಾನು ನಿಂತಿದ್ದೆ. ಮೆಟ್ರೊ ಶುರುವಾದ ಮರುವರ್ಷ, ಆಷಾಢದ ಒಂದು ಶನಿವಾರ ಸಂಜೆ. ಅಕ್ಕನನ್ನು ಮನೆಗೆ ಕರೆದೊಯ್ಯಲು ಹೋಗಿದ್ದೆ. ಬಾಗಿಲು ತೆರೆದಿತ್ತು. ಕೊನೆಯ ಬೆಂಚಿನಲ್ಲಿದ್ದ ಅವಳ ಮುಖದ ಒಂದು ಪಕ್ಕ ಕಾಣುತ್ತಿತ್ತು.

ಐವತ್ತು ದಾಟಿದ ಮೇಲೆ ಅಕ್ಕ ಇಂಗ್ಲಿಷ್ ಕಲಿಯಲು ಹೊರಟದ್ದು ಒಬ್ಬನಿಗಾಗಿ. ಎರಡನೆಯ ಮಗನನ್ನು ಹಸುಗೂಸಾಗಿದ್ದಾಗಲೇ, ಮಕ್ಕಳಿಲ್ಲದ ವಾರಗಿತ್ತಿಯ ಮಡಿಲಿಗೆ ಹಾಕಿದ್ದಳು. ಅವನಿಗೆ ತಿಳಿಸಕೂಡದೆಂದು ಹಿರಿಯರು ಅವಳಿಂದ ಮಾತು ತೆಗೆದುಕೊಂಡಿದ್ದರು. ಅವನು ಬೆಳೆದದ್ದು ಸಿಂಗಪುರದಲ್ಲಿ. ಇಂಗ್ಲಿಷ್ ಬಿಟ್ಟರೆ ಬೇರೆ ಮಾತು ಬಾರದು. ದಸರೆಗೆ ಬರುವವನಿದ್ದ. ಈ ಸಲ ತಾನೇ ಹೇಳುವೆನೆಂದು ಅಕ್ಕ ನನ್ನೊಬ್ಬನ ಮುಂದೆ ಅಂದಿದ್ದಳು.

ಹಲಗೆಯ ಮೇಲೆ 'ಬ್ರಿಂಗ್ ಅಪ್' ಎಂದಿತ್ತು, ಕೆಳಗೆ ಅದರ ಮೂರು ಅರ್ಥ: ಮಗುವನ್ನು ಬೆಳೆಸುವುದು, ಯಾವುದೋ ವಿಷಯ ಎತ್ತುವುದು, ವಾಂತಿ ಮಾಡುವುದು. ಅಲ್ಲಿಯ ಪದ್ಧತಿಯಂತೆ ಪ್ರತಿಯೊಬ್ಬರೂ ತಮ್ಮ ಬದುಕಿನಿಂದಲೇ ವಾಕ್ಯ ಕೊಡಬೇಕು. ಒಬ್ಬ ಹಾಸ್ಟೆಲಿನ ಬಿರಿಯಾನಿಯನ್ನು ಬ್ರಿಂಗ್ ಅಪ್ ಮಾಡಿದ ಕಥೆ ಹೇಳಿ ಎಲ್ಲರನ್ನೂ ನಗಿಸಿದ. ಆಮೇಲೆ ಅಕ್ಕ ಎದ್ದಳು.

"ಮೈ ಕೋ-ಸಿಸ್ಟರ್ ಬ್ರಾಟ್ ಅಪ್ ಮೈ ಸನ್."

ಮೇಷ್ಟ್ರು ಬೀದರ್ ಕಡೆಯವರು; ಕಲಿಯಲು ಬರುತ್ತಿದ್ದವರೂ ಹೆಚ್ಚಾಗಿ ಕನ್ನಡದವರೇ. "ಅಕ್ಕಾರ, ಹಂಗಲ್ರೀ. ಆಕಿ ಬೆಳೆಸಿದ್ರ ಆಕಿ ಮಗ ಅಲ್ಲೇನ್ರಿ? ಹರ್ ಸನ್ ಅನ್ರಿ," ಎಂದರು. ಮುಂದಿನ ಬೆಂಚಿನಿಂದ ಯಾರೋ, "ಆಂಟೀ, ಮಗನ್ನೇ ಕಳಕೊಂಡ್ರಲ್ರೀ!" ಎಂದ. ತರಗತಿ ಗೊಳ್ಳೆಂದಿತು.

ಅಕ್ಕನ ಪಕ್ಕದಲ್ಲಿದ್ದ ರಾಯಚೂರಿನ ಹುಡುಗಿ ಮಾತ್ರ ನಗಲಿಲ್ಲ; ಅವಳ ಕೈ ಹಿಡಿದುಕೊಂಡಳು.

"ಹರ್ ಸನ್," ಎಂದಳು ಅಕ್ಕ.

"ಶಹಬ್ಬಾಸ್! ಈಗ ಎರಡನೇ ಅರ್ಥಕ್ಕ?"

"ವಿ ಡೋಂಟ್ ಬ್ರಿಂಗ್ ಇಟ್ ಅಪ್ ಅಟ್ ಹೋಮ್."

"ಭಾಳ ಬರೋಬ್ಬರಿ ಐತ್ರಿ," ಎಂದು ಮೇಷ್ಟ್ರು ಚಪ್ಪಾಳೆ ತಟ್ಟಿದರು.

ಮೆಟ್ರೊ ಮೆಟ್ಟಿಲ ಮೇಲೆ ಅಕ್ಕ ಅಂದಳು: "ಸಾಕೋ ತಮ್ಮಾ. ನಾಳಿಂದ ಬರೂದಿಲ್ಲ. ನಾ ತಾಯಿ ಅಂತ ಹೇಳಿದ್ರ ಅಂವಾ ಸೈತ ನನ್ನ ತಿದ್ದತಾನ."

ದಸರೆಗೆ ಅವನು ಬಂದ. ಅಕ್ಕ ಹೋಳಿಗೆ ಬಡಿಸಿದಳು, ಏನೂ ಹೇಳಲಿಲ್ಲ. ಎರಡು ವರ್ಷದ ಬಳಿಕ ಅವಳು ತೀರಿಕೊಂಡಳು. ಅವನು 'ಆಂಟಿ ಹೋದರಂತೆ' ಎಂದು ಸಂತಾಪದ ಮೆಸೇಜು ಕಳಿಸಿದ.

ಇದನ್ನು ಅವನಿಗಾಗಿ ಬರೆದಿಡುತ್ತಿದ್ದೇನೆ; ಯಾರಾದರೂ ಇಂಗ್ಲಿಷಿಗೆ ತಿರುಗಿಸಿ ಕೊಟ್ಟಾರು. ಅವಳು ಮೊದಲು ಹೇಳಿದ್ದು 'ಮೈ ಸನ್' ಎಂದೇ. ನಾನು ಕೇಳಿದ್ದೇನೆ. ನನ್ನ ಮಾತು ಸಾಲದಿದ್ದರೆ ಮೇಷ್ಟ್ರನ್ನು ಕೇಳಲಿ, ಈಗ ಬೀದರ್‌ನಲ್ಲಿದ್ದಾರೆ. ಕೈ ಹಿಡಿದಿದ್ದ ಆ ಹುಡುಗಿ ರಾಯಚೂರಿನಲ್ಲೇ ಶಿಕ್ಷಕಿಯಾಗಿದ್ದಾಳೆ.