ಸಾರಥಿ ಕೇಳಿದ ವಲ್ದ್

ಇದನ್ನು ಹೇಳದೆ ಬಹಳ ಕಾಲ ತಳ್ಳುತ್ತ ಬಂದೆ. ಮೊದಲು ಮಕ್ಕಳು ಚಿಕ್ಕವರೆಂದೆ, ಆಮೇಲೆ ದೊಡ್ಡವರಾದ ಮಕ್ಕಳ ಮುಂದೆ ಹೇಗೆ ಹೇಳುವುದೆಂದೆ. ಈಗ ಮೊಮ್ಮಕ್ಕಳು ಪುರಾಣದ ಕಥೆ ಹೇಳೆಂದು ಕೂಡುತ್ತಾರೆ. ಬೇರೆ ಎಲ್ಲ ವೀರರ ಕಥೆ ಹೇಳುತ್ತೇನೆ. ಸೂರ್ಯನಿಗೆ ಹುಟ್ಟಿ, ನದಿಯಲ್ಲಿ ತೇಲಿಬಂದು, ರಥ ಹೊಡೆಯುವವನ ಮನೆಯಲ್ಲಿ ಬೆಳೆದು ಅಂಗದೇಶಕ್ಕೆ ಅರಸನಾದವನ ಸರದಿ ಬಂದಾಗ ಮಾತ್ರ ಎದ್ದು ಹೋಗುತ್ತೇನೆ.

ನಿಜಾಮರ ಕಾಲ. ಉರ್ದುವಿನಲ್ಲಿ ಹೈಸ್ಕೂಲು ಮುಗಿಸಿ ಲಿಂಗಸುಗೂರಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಅರ್ಜಿ ಹಿಡಿದು ಬಂದವನು ಯಾರೇ ಆಗಲಿ, ಮೊದಲು ಹೆಸರು ಕೇಳುವುದು, ಕೂಡಲೇ "ವಲ್ದ್?" ಎನ್ನುವುದು. ವಲ್ದ್ ಅಂದರೆ ಯಾರ ಮಗ. ಅಪ್ಪನ ಹೆಸರು ಹೇಳದವನ ಅರ್ಜಿ ಮುಂದೆ ಸರಿಯುತ್ತಿರಲಿಲ್ಲ. ಆ ಶಬ್ದವನ್ನು ಸಾಹೇಬರ ಹಾಗೆ ಮೂಗಿನಲ್ಲಿ ಹೇಳುವುದನ್ನು ಕಲಿತು, ನಮ್ಮೂರು ಮಸ್ಕಿಗೆ ಹೋದಾಗ ಮಂದಿಯನ್ನು ನಗಿಸುತ್ತಿದ್ದೆ.

ಆ ವರ್ಷ ಸುಗ್ಗಿ ಮುಗಿದ ಮೇಲೆ ಅಂಗರಾಜನ ಬಯಲಾಟ ಆಡುವುದೆಂದು ತೀರ್ಮಾನವಾಯಿತು. ಆ ವೇಷ ನನಗೇ ಎಂದುಕೊಂಡಿದ್ದೆ. ಆಟ ಕಲಿಸುವ ಮಾಸ್ತರರು ಅದನ್ನು ಒಬ್ಬ ಬಂಡಿ ಹೊಡೆಯುವವನಿಗೆ ಕೊಟ್ಟರು. ಸಿಂಧನೂರಿಗೆ ಹತ್ತಿ ಹೇರಿಕೊಂಡು ಹೋಗುವವನು, ನನ್ನ ಓರಗೆಯವನು. ಓದು ಬಾರದು. ಮಾತುಗಳನ್ನು ನಾನು ಓದಿ ಹೇಳಬೇಕು, ಅವನು ಬಾಯಿಪಾಠ ಮಾಡಬೇಕು. ದಾರಿಯುದ್ದಕ್ಕೂ ಎತ್ತುಗಳ ಮುಂದೆ ಆಡಿಕೊಳ್ಳುತ್ತ ಹೋಗಿ ತಿರುಗಿ ಬರುವಷ್ಟರಲ್ಲಿ ಮಾತೆಲ್ಲ ಅವನವೇ ಆಗಿರುತ್ತಿದ್ದವು.

"ಎತ್ತು ಏನಂದವಲೇ?" ಎಂದು ಕೇಳುತ್ತಿದ್ದೆ.

"ಎಡದ್ದು ಭಳಿರೇ ಅಂತು. ಬಲದ್ದು ನಿನ್ನಂಗ, ಹೊಟ್ಟಿಕಿಚ್ಚಿಗೆ ಮಾತ ಆಡ್ಲಿಲ್ಲ," ಎಂದು ನಗುತ್ತಿದ್ದ.

ಅವನ ತಾಯಿ ದೇವರಿಗೆ ಬಿಟ್ಟ ಹೆಣ್ಣು. ಅಂಥವರ ಮಕ್ಕಳಿಗೆ ಅಪ್ಪನ ಹೆಸರಿರುವುದಿಲ್ಲ. ಊರಿಗೆಲ್ಲ ಗೊತ್ತಿದ್ದದ್ದು, ಯಾರೂ ಎದುರಿಗೆ ಆಡದದ್ದು. ಅವಳೇ ಬಿದಿರಿನ ಸೀಳಿಗೆ ಬೇಗಡೆ ಅಂಟಿಸಿ ಮಗನಿಗೆ ಕುಂಡಲ ಮಾಡಿದ್ದಳು. ಮಗ ಒಂದು ಬೆಳಗಾದರೂ ಅರಸನಾಗಿ ಊರ ಮುಂದೆ ನಿಲ್ಲುತ್ತಾನೆ ಎಂಬುದೊಂದೇ ಆಗ ಅವಳ ಬಾಯಲ್ಲಿದ್ದ ಮಾತು.

ನನಗೆ ಸಿಕ್ಕದ್ದು ಸಾರಥಿಯ ವೇಷ. ಬಯಲಾಟದಲ್ಲಿ ಸಾರಥಿಯೆಂದರೆ ರಥ ನಡೆಸುವವನಲ್ಲ. ರಂಗಕ್ಕೆ ಬಂದ ಪ್ರತಿ ವೇಷವನ್ನೂ ತಡೆದು, ತಾವು ಯಾರು, ನಾಮಾಂಕಿತವೇನು ಎಂದು ಕೇಳುವವನು. ಅವನು ಕೇಳದ ಹೊರತು ದೇವರೂ ದೇವರಾಗುವಂತಿಲ್ಲ. ನಡುನಡುವೆ ಬಾಯಿಗೆ ಬಂದ ಚೇಷ್ಟೆ ಮಾಡುವ ಸಲಿಗೆಯೂ ಅವನಿಗುಂಟು.

ಸೂರ್ಯನ ಮಗನ ಪ್ರವೇಶ ಬಿಸಿಲಿಗೇ ಆಗಬೇಕೆಂದು ಮಾಸ್ತರರ ಹಟ. ಮಸ್ಕಿಯ ಗುಡ್ಡದ ಬಂಡೆಗಳ ಮೇಲೆ ಹೊತ್ತು ಮೂಡಿತು, ಪರದೆ ಸರಿಯಿತು, ಬೇಗಡೆ ಝಗ್ಗೆಂದಿತು. ಜನ ಉಸಿರು ಹಿಡಿದು ಸುಮ್ಮನಾದರು. ಅಂಥ ಮೌನ ನನಗೆ ಎಂದೂ ಸಿಕ್ಕಿರಲಿಲ್ಲ.

"ಭಳಿರೇ! ತಾವು ಯಾರು ಸ್ವಾಮಿ? ನಾಮಾಂಕಿತವೇನು?" ಎಂದೆ.

"ಎಲೈ ಸಾರಥಿ, ಅಂಗದೇಶದ ಅರಸನು ನಾನೇ ಎಂದು ತಿಳಿ!" ಎಂದ.

ಅಲ್ಲಿಗೆ ಅಡ್ಡಬಿದ್ದು ದಾರಿ ಬಿಡಬೇಕಿತ್ತು. ಬಿಡಲಿಲ್ಲ. ಕಿವಿಯ ಹಿಂದಿನಿಂದ ಲೇಖನಿ ತೆಗೆದವನಂತೆ ನಟಿಸಿ, ಮೂಗಿನಲ್ಲಿ ಕೇಳಿದೆ:

"ಅದು ಖರೇರಿ. ವಲ್ದ್?"

ಜನ ಹೋ ಎಂದು ನಕ್ಕರು.

"ಹೇಳಲೇ, ಸರ್ಕಾರ ಕೇಳಾಕತ್ತೈತಿ!"

"ತಡೀರೋ, ನೆನಸಾಕತ್ತಾನ!"

"ಒಂದ ಹೆಸರಿದ್ರ ಹೇಳತಿದ್ನಲ್ಲ!"

ನಾನು ಅವನಿಗೆ ಕಲಿಸಿದ ಮಾತುಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಹೆಂಗಸರ ನಡುವಿನಿಂದ ಅವನ ತಾಯಿ ಎದ್ದಳು. "ನಾ ಹಡೆದೀನಿ. ನನ್ನ ಹೆಸರು ಬರಕೋ ತಮ್ಮಾ," ಎಂದು, ನಗು ಇನ್ನೂ ನಿಲ್ಲದಿರುವಾಗಲೇ ತನ್ನ ಹೆಸರು ಹೇಳಿದಳು.

ಕಥೆಯಲ್ಲಿ ಆ ವೀರನ ಹೆತ್ತ ತಾಯಿ ತುಂಬಿದ ಸಭೆಯಲ್ಲಿ ಬಾಯಿ ಬಿಡಲಿಲ್ಲ. ಅದಕ್ಕೆ ನಮ್ಮವರು ತಲೆತಲಾಂತರದಿಂದ ಅವಳನ್ನು ಬೈದಿದ್ದಾರೆ, ಮಗನಿಗಾಗಿ ಅತ್ತಿದ್ದಾರೆ. ಇಲ್ಲಿ ಬಾಯಿ ಬಿಟ್ಟ ತಾಯಿ ಎದುರಿಗೇ ನಿಂತಿದ್ದಳು. "ಬರಕೊಂಡೆ ಯವ್ವಾ" ಎಂದಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು ಬೇರೆ:

"ಅವ್ವನ ಹೆಸರು ಕಚೇರ್ಯಾಗ ನಡಿಯಾಂಗಿಲ್ಲ ಬೇ, ಕುಂಡ್ರು."

ಎರಡನೆಯ ನಗು ಮೊದಲಿನದಕ್ಕಿಂತ ದೊಡ್ಡದಿತ್ತು.

ಅವನು ಕಿರೀಟ ಇಳಿಸಿಟ್ಟ. ಕುಂಡಲ ಬಿಚ್ಚಿ ತಾಯಿಯ ಸೆರಗಿಗೆ ಹಾಕಿ, ಅವಳ ಕೈ ಹಿಡಿದು ನಡೆದುಬಿಟ್ಟ. ಆಟ ನಿಲ್ಲಬಾರದಲ್ಲ; ಆ ವೇಷದ ಮಾತು ಬರುತ್ತಿದ್ದವನು ನಾನೊಬ್ಬನೇ. ಕಿರೀಟ ನನ್ನ ತಲೆಗೆ ಬಂತು. ಯುದ್ಧಕ್ಕೆ ಹೊರಟ ಅಂಗರಾಜನ ಕುಲವನ್ನು ಹಿರಿಯರು ಹಂಗಿಸುವ ಮಾತು ಮುಂದೆ ಇದೆ. ಹಂಗಿಸಿದರು. ನಾನು ತಲೆ ತಗ್ಗಿಸಿದೆ. ಆಗಷ್ಟೇ ನಕ್ಕಿದ್ದ ಜನ ಸೆರಗನ್ನೋ ಧೋತರದ ಚುಂಗನ್ನೋ ಕಣ್ಣಿಗೊತ್ತಿಕೊಂಡರು. ನನ್ನ ಕಿವಿ ಬೋಳಾಗಿದ್ದದ್ದನ್ನು ಯಾರೂ ಕಾಣಲಿಲ್ಲ. ಚಲೋ ಮಾಡಿದಿ ಎಂದು ಬೆನ್ನು ತಟ್ಟಿದರು. ಪುರಾಣದ ವೀರರು ನಮ್ಮನ್ನು ತಿದ್ದುತ್ತಾರೆ ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ಆ ಒದ್ದೆ ಚುಂಗುಗಳೇ ನೆನಪಾಗುತ್ತವೆ.

ಅವನು ಬಂಡಿ ಬಿಟ್ಟು ಹಟ್ಟಿಯ ಚಿನ್ನದ ಗಣಿ ಸೇರಿದ. ಮುಂದೊಮ್ಮೆ ಕಚೇರಿ ಕೆಲಸಕ್ಕೆ ಹಟ್ಟಿಗೆ ಹೋದಾಗ, ಪಾಳಿ ಮುಗಿಸಿ ಬರುತ್ತಿದ್ದವನನ್ನು ತಡೆದು ತಪ್ಪಾಯಿತೆಂದೆ.

"ನನಗ್ಯಾಕ ಹೇಳತೀಲೇ? ನಾ ಬಾಯಿ ಬಿಟ್ಟಿದ್ನೇನು? ಹೆಸರು ಹೇಳಿದಾಕಿ ಆಕಿ. ಆಕೀಗೆ ಹೇಳು."

"ಹೇಳತೀನಿ."

"ಹೇಳಾಂಗಿಲ್ಲ ನೀ," ಎಂದು ಮುಖದ ದೂಳು ಒರೆಸಿಕೊಳ್ಳುತ್ತ ಹೋದ.

ಅವಳು ಮಸ್ಕಿಯಲ್ಲೇ ಇದ್ದಳು. ಸಂತೆಗೆ ಹೋಗುವಾಗ ನಮ್ಮ ಮನೆಯ ಮುಂದೆಯೇ ಹಾಯಬೇಕು. ಊರಿಗೆ ಹೋದಾಗ ಅವಳನ್ನು ಕಂಡರೆ ಒಳಗೆ ಸರಿಯುತ್ತಿದ್ದೆ. ಹೆಣ್ಣಿನ ಮುಂದೆ, ಅದೂ ಅಂಥ ಹೆಣ್ಣಿನ ಮುಂದೆ ಬಗ್ಗುವುದೇ ಎಂಬ ಸೊಕ್ಕು. ಒಮ್ಮೆ ಅವಳೇ ನಿಂತು, "ಆರಾಮ ಅದೀಯೇನು ತಮ್ಮಾ?" ಎಂದಳು. "ಹೂಂ" ಎಂದೆ. ಅಷ್ಟು ಹತ್ತಿರ ನಿಂತಿದ್ದಳು, ಅಷ್ಟೇ ಎಂದೆ. ನಿಜಾಮರ ಆಳಿಕೆ ಮುಗಿಯುವ ಮೊದಲೇ ತೀರಿಹೋದಳು.

ಅಂದು ಅವಳು ಹೇಳಿದ ಹೆಸರು ನಗುವಿನ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ; ಅದಕ್ಕೂ ಮೊದಲು ಊರಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆದದ್ದು ಕೇಳಿರಲಿಲ್ಲ. ಎಲ್ಲರ ನಾಮಾಂಕಿತ ಕೇಳುವ ಸಾರಥಿ ಅದೊಂದನ್ನು ಮತ್ತೆ ಕೇಳಲಿಲ್ಲ. ಹಾಗಾಗಿ, ನಾನು ಯಾರಿಗೆ ತಪ್ಪಾಯಿತು ಎನ್ನದೆ ಉಳಿದೆನೋ ಅವಳ ಹೆಸರೆಂದು ಇಲ್ಲಿ ಬರೆಯಲು ನನ್ನ ಬಳಿ ಇಷ್ಟೇ ಇದೆ: ಅಂಗರಾಜನ ಅವ್ವ.