ಮನೆ ಮುಂದಿನ ಹಳದಿ ಪಟ್ಟಿ

ಅಮೆರಿಕದ ಅಯೋವಾದಲ್ಲಿ ರಸ್ತೆ ಬದಿಯ ತಂತಿಕಂಬಗಳಿಗೆ ವರ್ಷಗಟ್ಟಲೆ ದಾರಿ ತೋರುವ ಹಳದಿ ಪಟ್ಟಿ ಬಳಿದು ಓರ್ವಿಲ್ ಟೆಸ್ಡಾಲನ ಬಲಭುಜ ಸೋತುಹೋಗಿತ್ತು. ಆ ಪಟ್ಟಿಯಿದ್ದ ರಸ್ತೆಗೆ ‘ಬಂಗಾರದ ಬಯಲು ದಾರಿ’ ಎಂದು ಹೆಸರು. ಮೋಟಾರಿನವರು ಅದನ್ನೇ ನಂಬಿ ಪಶ್ಚಿಮದ ಕಡಲಿನತ್ತ ಹೋಗುತ್ತಿದ್ದರು. ಈಗ ಸರ್ಕಾರ ರಸ್ತೆಗಳ ಹೆಸರು ತೆಗೆದು ನಂಬರು ಕೊಟ್ಟಿತ್ತು. ನಂಬರಿಗೆ ಎಲ್ಲಿಯ ಬಂಗಾರ, ಎಲ್ಲಿಯ ಬಯಲು! ಹೆದ್ದಾರಿಯೂ ಪಕ್ಕದ ಊರಿನ ಪಾಲಾಯಿತು. ಹಳೆಯ ಪಟ್ಟಿ ಅಳಿಸುವ ಕೆಲಸವನ್ನು ಓರ್ವಿಲನ ತಲೆಗೇ ಕಟ್ಟಿದರು.

ಕಂಬ ಕಂಬಕ್ಕೂ ಬೂದು ಬಣ್ಣ ಬಳಿಯುತ್ತ ಬಂದವನು ತನ್ನ ಮನೆಯ ಮುಂದಿನ ಕಂಬದ ಹತ್ತಿರ ಕುಂಚ ಎತ್ತದೆ ನಿಂತುಬಿಟ್ಟ. ಈ ಪಟ್ಟಿ ನೋಡಿ ಗಾಡಿ ನಿಲ್ಲಿಸಿದವರಿಗೆಲ್ಲ ಹೆಂಡತಿ ಹುಲ್ಡಾ ಅಡುಗೆ ಮಾಡಿ ಬಡಿಸಿದ್ದಳು.

ಹುಲ್ಡಾ ಹೊರಗೆ ಬಂದಳು. “ಏನಪ್ಪಾ ಓರ್ವಿಲ್, ನಿಂತಲ್ಲೇ ನಿದ್ದೆನಾ?”

“ಇದೊಂದು ಇರ್ಲಿ ಬಿಡೇ. ನಿಂಗೆ ಬೇಜಾರಾಗುತ್ತೆ.”

“ನಂಗಾ? ಕಂಡೋರ ಕೆಸರು ಬೂಟಿಗೆ ನೆಲ ಒರೆಸಿ ಒರೆಸಿ ನನ್ನ ಸೊಂಟ ಬಿದ್ದೋಗಿದೆ. ಕೊಡು ಇಲ್ಲಿ!”

ಕುಂಚ ಕಸಿದುಕೊಂಡು ಅವಳೇ ಪಟ್ಟಿಯನ್ನು ಮುಚ್ಚಿದಳು.

ಸಂಜೆ ಊಟಕ್ಕೆ ಕುಳಿತಾಗ ಮೇಜಿನ ಮೇಲೆ ದೊಡ್ಡ ಪಾತ್ರೆಯ ತುಂಬ ಆಲೂಗಡ್ಡೆ ಹಬೆಯಾಡುತ್ತಿತ್ತು.

“ಇಬ್ಬರಿಗೆ ಇಷ್ಟೊಂದು ಯಾಕೆ ಬೇಯಿಸ್ದೆ?” ಎಂದ ಓರ್ವಿಲ್.

ಹುಲ್ಡಾ ಕಿಟಕಿಯ ಕಡೆ ನೋಡಿದಳು. “ಬಣ್ಣ ಇನ್ನೂ ಹಸಿ ಇದೆ. ಅಡೀಲಿರೋ ಹಳದಿ ಯಾರಿಗಾದ್ರೂ ಕಾಣ್ಬಹುದು ಅಂದ್ಕೊಂಡೆ.”